ಎಡ ಹೆಬ್ಬೆರಳಿನ ಕೀ

ಹಾಸನ
೯ ಜೂನ್ ೨೦೨೫

ಕೇದಾರ್,

ಗುತ್ತಿಗೆದಾರ ಕೊಡುತ್ತೇನೆ ಅಂದದ್ದು: ಬೆನ್ನು ಆನಿಸುವ ಕುರ್ಚಿ, ನೆಟ್ಟಗಿರುವ ಕೀಬೋರ್ಡು, ಸ್ವಂತ ಊರಿನಲ್ಲೇ ಕೆಲಸ, ವರ್ಷ ಪೂರ್ತಿ ಒಪ್ಪಂದ, ವಾರಕ್ಕೊಂದು ರಜೆ.

ಕೊಟ್ಟದ್ದು: ಪ್ಲಾಸ್ಟಿಕ್ ಸ್ಟೂಲು.

ಇಲ್ಲ ಅಂದದ್ದು: ಉಳಿದದ್ದೆಲ್ಲ. ಕೀಬೋರ್ಡು ಕೆಟ್ಟಿದೆ ಅಂದರೆ "ನಿಮ್ಮದೇ ತಂದ್ಕೊಳ್ಳಿ" ಅನ್ನುತ್ತಾನೆ. ತಂದರೆ, ಒಳಗೆ ಬಂದ ವಸ್ತು ಹೊರಗೆ ಹೋಗುವಂತಿಲ್ಲ, ಇದು ಕಡತದ ಕೇಂದ್ರ ಅನ್ನುತ್ತಾನೆ. ಹದಿನೈದು ದಿನಕ್ಕೊಮ್ಮೆ ಊರು ಬದಲಿಸುತ್ತಾನೆ. ಹಾಸನದವಳು ಚನ್ನರಾಯಪಟ್ಟಣಕ್ಕೆ, ಅರಕಲಗೂಡಿನವಳು ನಿನ್ನ ಹೊಳೆನರಸೀಪುರಕ್ಕೆ. ಒಂದೇ ಕಡೆ ಕೂತರೆ ಹೆಂಗಸರು ಮಾತಾಡಿಕೊಳ್ಳುತ್ತಾರೆ, ಮಾತಾಡಿಕೊಂಡರೆ ಸಂಘ ಕಟ್ಟುತ್ತಾರೆ ಎಂದು ಅವನಿಗೆ ಭಯ. ಸಂಘ ಕಟ್ಟಿ ಆಗಿದೆ. ಅಧ್ಯಕ್ಷೆ ನಾನೇ.

ಕೆಲಸ ಇಷ್ಟು: ಹಳೆಯ ಜಮೀನು ಕಡತ ನೋಡಿ ಕಂಪ್ಯೂಟರಿಗೆ ಟೈಪು ಮಾಡುವುದು. ನಾಲ್ಕು ಊರು, ನಾಲ್ಕು ಬಾಡಿಗೆ ಕೋಣೆ, ಹನ್ನೆರಡು ಸೀಟು, ಹದಿಮೂರು ಹೆಂಗಸರು. ಒಬ್ಬಳು ಸದಾ ನಿಂತೇ ಕಡತ ಬಿಚ್ಚಬೇಕು. ಅರ್ಧ ಜನಕ್ಕೆ ಮಣಿಕಟ್ಟು ಬಾತಿದೆ.

ಅವರಲ್ಲಿ ಒಬ್ಬಳು ಧನಲಕ್ಷ್ಮಿ, ಅರಕಲಗೂಡಿನವಳು. ಹತ್ತೊಂಬತ್ತನೇ ವಯಸ್ಸಿನಲ್ಲಿ ಮೇವು ಕತ್ತರಿಸುವ ಯಂತ್ರಕ್ಕೆ ಎಡಗೈ ಕೊಟ್ಟಳು. ನಾಲ್ಕು ಬೆರಳು ಹೋಗಿ ಹೆಬ್ಬೆರಳೊಂದು ಉಳಿದಿದೆ. ಬಲಗೈ ಒಂದರಲ್ಲೇ ಟೈಪು ಮಾಡುತ್ತಾಳೆ. ಎಷ್ಟು ಜೋರಾಗಿ ಮಾಡಿದರೂ ಉಳಿದವರ ಅರ್ಧ. ವರ್ಷದೊಳಗೆ ವೇಗದ ಪರೀಕ್ಷೆ ಇಟ್ಟು ಸೋತವರನ್ನು ತೆಗೆಯುತ್ತಾರಂತೆ. ಅವಳ ಗಂಡ ಇಲ್ಲ. ಮಗಳು ಒಂಬತ್ತನೇ ತರಗತಿ.

ನೀನು ಗುಜರಿ ಸಾಮಾನಿನಲ್ಲಿ ನಿನ್ನದೇ ಕೀಬೋರ್ಡು ಮಾಡಿಕೊಳ್ಳುತ್ತೀಯ ಎಂದು ಕೇಳಿದ್ದೇನೆ. ನಮಗೆ ಹನ್ನೆರಡು ಬೇಕು. ಯಾರು ಯಾವ ಊರಲ್ಲಿ ಕೂತರೂ ಬೆರಳು ಒಂದೇ ಜಾಗಕ್ಕೆ ಹೋಗಬೇಕು.

ಎಂಟು ವರ್ಷದ ಮೇಲೆ ಬರೆಯುತ್ತಿದ್ದೇನೆ, ಕುಶಲ ಕೇಳಿಲ್ಲ. ಕೇಳಿದರೆ ನೀನು ನಂಬುವವನೂ ಅಲ್ಲ. ಫೋನಿನಲ್ಲಿ ಏನೂ ಹಾಕಬೇಡ. ಹೋದ ಸಲ ಗುಂಪಿನಲ್ಲಿ ಹಾಕಿದ ಮಾತು ಅರ್ಧ ಗಂಟೆಯಲ್ಲಿ ಗುತ್ತಿಗೆದಾರನ ಕೈಗೆ ಸಿಕ್ಕಿ ಇಬ್ಬರ ಕೆಲಸ ಹೋಯಿತು. ಕಾಗದ ಬರಿ.

ಪ್ರೇಮಕುಮಾರಿ


ಹೊಳೆನರಸೀಪುರ
೧೭ ಜೂನ್ ೨೦೨೫

ಪ್ರೇಮಕ್ಕ,

ಮಾಡಿಕೊಡುತ್ತೇನೆ. ಸಂಘಕ್ಕಾಗಿ ಅಲ್ಲ. ಎಂಟು ವರ್ಷದ ಹಿಂದೆ ನಿಮ್ಮ ಹಳೆಯ ಸಂಘದಿಂದ ನನ್ನನ್ನು ಯಾಕೆ ಹೊರಗೆ ಹಾಕಿದಿರಿ ಎಂದು ನಿಮಗೂ ನೆನಪಿದೆ, ನನಗೂ ನೆನಪಿದೆ. ಠರಾವಿನ ಪುಸ್ತಕದಲ್ಲಿ "ಸರ್ವಾನುಮತದಿಂದ" ಎಂದು ಬರೆದಿದ್ದಿರಿ. ಯಾರ್ಯಾರು ಕೈ ಎತ್ತಿದರು ಎಂದು ಕೇಳಿದೆ. "ಒಮ್ಮೆ ಸರ್ವಾನುಮತ ಅಂತ ಬರೆದ ಮೇಲೆ ಕೈ ಎಣಿಸೋನು ಶತ್ರುವಿನ ಕಡೆಯೋನು" ಅಂದಿರಿ. ತುಂಬಿದ ಸಭೆಯಲ್ಲಿ. ಪಾಠ ಕಲಿತಿದ್ದೇನೆ, ಮತ್ತೆ ಕೇಳುವುದಿಲ್ಲ.

ಕೆಲಸಕ್ಕೆ ಬರೋಣ. ಗುಜರಿಯಲ್ಲಿ ಸಿಗುವ ಸಾಮಾನಿನಿಂದ ಹನ್ನೆರಡೂ ಒಂದೇ ಥರ ಆಗುವುದಿಲ್ಲ. ಒಂದರಲ್ಲಿ ನಲವತ್ತೆರಡು ಗುಂಡಿ, ಇನ್ನೊಂದರಲ್ಲಿ ಅರವತ್ತು. ಒಂದು ಎರಡು ಹೋಳಾಗಿರುತ್ತದೆ, ಇನ್ನೊಂದು ಹಲಗೆಯ ಹಾಗೆ. ಒಳಗಿನ ತಂತಿಯೂ ಬೇರೆ ಬೇರೆ. ಅದಕ್ಕೆ ಚಿಂತೆಯಿಲ್ಲ. ಕೀಬೋರ್ಡಿನ ಒಳಗೆ ಕೂತು ಯಾವ ಗುಂಡಿಗೆ ಯಾವ ಅಕ್ಷರ ಎಂದು ಹೇಳುವ ತಂತ್ರಾಂಶ ಒಂದಿದೆ, ಫರ್ಮ್‌ವೇರ್ ಅನ್ನುತ್ತಾರೆ. ನಾನು ಬಳಸುವುದು ಯಾವ ಕಂಪನಿಯ ಸೊತ್ತೂ ಅಲ್ಲ. ಎಲ್ಲೆಲ್ಲಿಯವರೋ ಸೇರಿ ಬರೆದು ಎಲ್ಲರಿಗೂ ಬಿಟ್ಟುಕೊಟ್ಟದ್ದು. ನಿಮಗೆ ಇದು ಇಷ್ಟವಾಗುತ್ತದೆ. ಅದರಲ್ಲಿ ತಂತಿಯ ಲೆಕ್ಕ ಒಂದೊಂದು ಕೀಬೋರ್ಡಿಗೂ ಬೇರೆ ಕಡತದಲ್ಲಿರುತ್ತದೆ. ಬೆರಳಿನ ಲೆಕ್ಕ, ಅಂದರೆ ಯಾವ ಬೆರಳ ಕೆಳಗೆ ಏನು ಅನ್ನುವುದು, ಎಲ್ಲಕ್ಕೂ ಸೇರಿ ಒಂದೇ ಕಡತ. ಅಲ್ಲಿ ಒಂದು ಸಲ ಬರೆದರೆ ಹನ್ನೆರಡಕ್ಕೂ ಅದೇ. ಅಲ್ಲಿ ತಿದ್ದಿದರೂ ಹನ್ನೆರಡಕ್ಕೂ ಅದೇ.

ಧನಲಕ್ಷ್ಮಿಗೆ ಬೇರೆ ಜೋಡಣೆ ಇಡಬಹುದು. ಅವಳು ಕೂತಾಗ ಒಂದು ಗುಂಡಿ ಒತ್ತಿದರೆ ಅವಳದು, ಉಳಿದವರು ಕೂತಾಗ ಉಳಿದವರದು. ಹೇಳಿ.

ಕೇದಾರ್


ಹಾಸನ
೨೩ ಜೂನ್ ೨೦೨೫

ಕೇದಾರ್,

ಬೇರೆ ಜೋಡಣೆ ಬೇಡ. ಇವಳಿಗೊಂದು ವಿಶೇಷ ಅಂತ ನಾವೇ ಬರೆದುಕೊಟ್ಟರೆ ಆ ಕಾಗದ ಹಿಡಿದೇ ಅವನು ಅವಳನ್ನು ಹೊರಗೆ ಕಳಿಸುತ್ತಾನೆ. ಅಂಗವಿಕಲೆ, ನಿಧಾನ, ತೆಗಿ. ಹದಿಮೂರು ಜನಕ್ಕೂ ಒಂದೇ. ಅವಳಿಗೆ ಬೇಕಾದದ್ದು ಎಲ್ಲರದರಲ್ಲೂ ಇರಲಿ. ಅದೇ ನಮ್ಮ ಬಲ.

ಹಳೆಯದನ್ನು ಕೆದಕಲು ನನಗೆ ಪುರುಸೊತ್ತಿಲ್ಲ. ಒಳಗಿನ ಬಿರುಕು ಹೊರಗಿನವರಿಗೆ ಕಾಣಬಾರದು ಅಂತಲೇ ಸರ್ವಾನುಮತ ಎಂದು ಬರೆಯುತ್ತೇವೆ, ಈಗಲೂ ಬರೆಯುತ್ತೇವೆ.

ಪ್ರೇಮಕುಮಾರಿ


ಹೊಳೆನರಸೀಪುರ ಕೇಂದ್ರದಿಂದ
೨೮ ಜುಲೈ ೨೦೨೫

ಕೇದಾರಣ್ಣನವರಿಗೆ ನಮಸ್ಕಾರ.

ನಿಮ್ಮ ಅಂಗಡಿ ಇಲ್ಲಿಂದ ಎರಡು ಬೀದಿ ಆಚೆ. ಬಂದೇ ಹೇಳಬಹುದಿತ್ತು. ಆದರೆ ಈ ಕಾಗದ ನಾನು ಟೈಪು ಮಾಡಿದ್ದು, ಊಟದ ಬಿಡುವಿನಲ್ಲಿ, ಇಪ್ಪತ್ತು ನಿಮಿಷಕ್ಕೆ. ಅದನ್ನು ನೀವು ಕಣ್ಣಲ್ಲಿ ನೋಡಬೇಕು ಅಂತ ಅಂಚೆಗೆ ಹಾಕುತ್ತಿದ್ದೇನೆ.

ನೀವು ಹೇಳಿಕೊಟ್ಟ ಹಾಗೆಯೇ ಆಯಿತು. ಎಡ ಹೆಬ್ಬೆರಳಲ್ಲಿ ಆ ಕೀ ಒತ್ತಿ ಹಿಡಿದರೆ ಎಡಗಡೆಯ ಅಕ್ಷರಗಳೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ ಬಲಗಡೆಗೆ ಬರುತ್ತವೆ. ಬಿಟ್ಟರೆ ವಾಪಸ್ ಹೋಗುತ್ತವೆ. ಬಲಗೈ ಇದ್ದ ಜಾಗ ಬಿಟ್ಟು ಅಲ್ಲಾಡಬೇಕಿಲ್ಲ. ಮೊದಲ ವಾರ ತಲೆ ಕೆಟ್ಟುಹೋಯಿತು. ಕನಸಲ್ಲೂ ಅಕ್ಷರ ತಿರುಗುತ್ತಿದ್ದವು. ಮೂರನೇ ವಾರಕ್ಕೆ ಬೆರಳು ತಾನೇ ಹೋಗತೊಡಗಿತು. ಅರಕಲಗೂಡಿನಲ್ಲಿ ನೀವಿಟ್ಟದ್ದು ಹಲಗೆಯ ಹಾಗಿದೆ, ಇಲ್ಲಿಯದು ಎರಡು ಹೋಳು, ಆದರೆ ಕಣ್ಣು ಮುಚ್ಚಿದರೆ ಎರಡೂ ಒಂದೇ.

ಮೊನ್ನೆ ನಮ್ಮ ಮೇಲ್ವಿಚಾರಕ ತಮ್ಮಯ್ಯ ಬೆನ್ನ ಹಿಂದೆ ಬಂದು ನಿಂತರು. "ಏನವ್ವಾ ಧನಲಕ್ಷ್ಮಿ, ಮಿಸೀನು ಓಡ್ದಂಗ್ ಓಡ್ತಾ ಅದೆ, ಕೈ ಬೆಳದ್ವಾ?" ಅಂದರು. "ಬೆಳದಿಲ್ಲ ಸಾ, ಇರೋದು ಸಾಕಾಯ್ತು" ಅಂದೆ. ಪಕ್ಕದಲ್ಲಿದ್ದ ಹಂಸ ನಗು ತಡೆಯಲಾರದೆ ಕಡತದಲ್ಲಿ ಮುಖ ಮುಚ್ಚಿಕೊಂಡಳು.

ನನಗೆ ಈ ಕೆಲಸ ಇಷ್ಟ ಕೇದಾರಣ್ಣ. ಯಾರಿಗೂ ಹೇಳಿಲ್ಲ. ಸಂಘದಲ್ಲಿ ಹೇಳಿದರೆ ಬೈದಾರು. ಹದಿನಾರು ವರ್ಷದಿಂದ ಈ ಕೈಯನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಓಡಾಡಿದ್ದೇನೆ. ಈಗ ಮೇಜಿನ ಮೇಲೆ ಇಡುತ್ತೇನೆ.

ಪರೀಕ್ಷೆ ಯಾವಾಗ ಬಂದರೂ ಬರಲಿ.

ನಿಮ್ಮ ತಂಗಿಯಂಥ
ಧನಲಕ್ಷ್ಮಿ


ಹಾಸನ
೧ ಸೆಪ್ಟೆಂಬರ್ ೨೦೨೫

ಕೇದಾರ್,

ಪರೀಕ್ಷೆಯ ದಿನ ಗೊತ್ತಾಗಿದೆ. ಇದೇ ೧೩, ಶನಿವಾರ, ಮಧ್ಯಾಹ್ನ ಹನ್ನೆರಡಕ್ಕೆ, ಚನ್ನರಾಯಪಟ್ಟಣದ ಕೇಂದ್ರದಲ್ಲಿ. ಸೀಟಿದ್ದಷ್ಟು ಜನ ಸರದಿಯಲ್ಲಿ, ಹತ್ತು ನಿಮಿಷ ಟೈಪು. ಗೆದ್ದವರಿಗೆ ಇನ್ನೊಂದು ವರ್ಷ.

ನಿನ್ನೆ ಭಾನುವಾರ ಸಂಘದ ಸಭೆ ಆಯಿತು. ಎಲ್ಲರದೂ ಒಂದೇ ದೂರು. ಎಡ ಹೆಬ್ಬೆರಳ ಕೆಳಗೆ ಒಂದು ಕೀ ಅಕ್ಷರ ಕೆಡಿಸುತ್ತದೆ. ಬೆರಳು ಸುಮ್ಮನೆ ಒರಗಿದರೂ ಸಾಕು, ಬರೆದದ್ದೆಲ್ಲ ಅಡ್ಡಾದಿಡ್ಡಿ. ಚನ್ನರಾಯಪಟ್ಟಣದ ಅನುಶ್ರೀಯಂತೂ "ಆ ದರಿದ್ರದ್ ಕೀ ಕಿತ್ತಾಕ್ಸಿ ಅಕ್ಕ, ಪರೀಕ್ಸೇಲಿ ನಾನು ಸತ್ತೇ ಓಯ್ತೀನಿ" ಎಂದು ಅತ್ತೇಬಿಟ್ಟಳು. ಠರಾವು ಹೀಗಿದೆ: ಸದರಿ ಕೀಯನ್ನು ಹೆಬ್ಬೆರಳಿಂದ ತೆಗೆದು ಬೇರೆ ಕಡೆ ಹಾಕಿ, ಆ ಜಾಗಕ್ಕೆ ಸ್ಪೇಸ್ ಕೊಡತಕ್ಕದ್ದು. ಸರ್ವಾನುಮತದಿಂದ ಅಂಗೀಕರಿಸಲಾಯಿತು.

ಪರೀಕ್ಷೆಗೆ ಮುಂಚೆ ಹನ್ನೆರಡೂ ಕೀಬೋರ್ಡಿಗೆ ಆಗಬೇಕು. ಎಲ್ಲರಿಗೂ ಒಂದು ವಾರ ಕೈ ಪಳಗಬೇಕಲ್ಲ.

ಪ್ರೇಮಕುಮಾರಿ


ಹೊಳೆನರಸೀಪುರ
೮ ಸೆಪ್ಟೆಂಬರ್ ೨೦೨೫

ಪ್ರೇಮಕ್ಕ,

ನಿನ್ನೆ ನಾಲ್ಕೂ ಊರು ಸುತ್ತಿ ಮುಗಿಸಿದೆ. ತಿದ್ದಿದ್ದು ಒಂದೇ ಸಾಲು. ಅದನ್ನು ಹನ್ನೆರಡಕ್ಕೂ ತುಂಬುವುದಕ್ಕೆ ಬಸ್ಸಿನಲ್ಲೇ ದಿನ ಹೋಯಿತು. ಕನ್ನಡಿ ಕೀ ಈಗ ಎಡಗಡೆಯ ಕೆಳಮೂಲೆಯಲ್ಲಿದೆ, ಕಿರುಬೆರಳಿನ ಕೆಳಗೆ. ಹೆಬ್ಬೆರಳಿಗೆ ಸ್ಪೇಸ್.

ಅರಕಲಗೂಡಿನ ಕೋಣೆಗೆ ಬೀಗ ಹಾಕಿತ್ತು. ಅಲ್ಲಿಯ ಕಡತ ಮುಗಿದಿದೆ, ಅಲ್ಲಿಯವರಿಗೆ ಪರೀಕ್ಷೆಯವರೆಗೂ ಕೆಲಸ ಇಲ್ಲವಂತೆ. ಕಾವಲುಗಾರ ಚೆನ್ನಯ್ಯ ತೆಗೆದುಕೊಟ್ಟರು.

ಒಂದು ಮಾತು. ಮೂಲೆಯ ಕೀಯನ್ನು ಧನಲಕ್ಷ್ಮಿ ಯಾವ ಬೆರಳಲ್ಲಿ ಹಿಡಿಯುತ್ತಾಳೆ ಎಂದು ಅವಳನ್ನು ಕೇಳಬೇಕು ಅನ್ನಿಸಿತು. ಕಾಗದ ತೆಗೆದು ಮತ್ತೆ ಓದಿದೆ. ಸರ್ವಾನುಮತ ಎಂದಿತ್ತು. ಹಾಗಾದರೆ ಅವಳೂ ಕೈ ಎತ್ತಿದ್ದಾಳೆ, ಬೇರೆ ಯಾವುದೋ ದಾರಿ ಕಂಡುಕೊಂಡಿರಬೇಕು ಎಂದುಕೊಂಡೆ. ಕೇಳುವುದಿಲ್ಲ ಎಂದು ನಿಮಗೆ ಮಾತು ಕೊಟ್ಟಿದ್ದೆನಲ್ಲ.

ಕೇದಾರ್


ಅರಕಲಗೂಡು
೨೦ ಸೆಪ್ಟೆಂಬರ್ ೨೦೨೫

ಪ್ರೇಮಕ್ಕನವರಿಗೆ,

ಕೈಯಲ್ಲಿ ಬರೆಯುತ್ತಿದ್ದೇನೆ. ಟೈಪು ಮಾಡಲು ನನ್ನ ಹತ್ತಿರ ಏನೂ ಇಲ್ಲ.

ಪರೀಕ್ಷೆಯ ದಿನ ಕೇಂದ್ರದ ಬಾಗಿಲಲ್ಲಿ ನೀವು ನನ್ನ ಭುಜ ಹಿಡಿದುಕೊಂಡು ಏನೇನೋ ಹೇಳಿದಿರಿ. ಕೇದಾರಣ್ಣನ ಕಾಗದ ಅವತ್ತು ಬೆಳಿಗ್ಗೆ ಬಂತು, ಓದಿದ ತಕ್ಷಣ ಬಸ್ಸು ಹತ್ತಿದೆ, ಹದಿನೇಳು ಸಲ ಫೋನು ಮಾಡಿದೆ ಅಂದಿರಿ. ನನ್ನ ಫೋನು ಹನ್ನೊಂದು ಗಂಟೆಗೇ ಅವರ ಟ್ರೇಯಲ್ಲಿ ಹಾಕಿಸಿಕೊಂಡಿದ್ದರು. ಅದು ಅಲ್ಲಿ ಬಡಿದುಕೊಳ್ಳುವುದು ಕೇಳಿಸುತ್ತಿತ್ತು. ಮಗಳಿಗೆ ಏನಾಯಿತೋ ಎಂದು ಜೀವ ಹೋಗುತ್ತಿತ್ತು.

ಒಳಗೆ ಏನಾಯಿತು ಎಂದು ಅವತ್ತು ನೀವು ಕೇಳಲಿಲ್ಲ. ಅಳುತ್ತಿದ್ದಿರಿ. ಈಗ ಹೇಳುತ್ತೇನೆ.

ಗಂಟೆ ಹೊಡೆಯಿತು. ಹೆಬ್ಬೆರಳು ಒತ್ತಿ ಹಿಡಿದೆ. ಖಾಲಿ ಜಾಗ ಓಡತೊಡಗಿತು. ಪರದೆಯ ಈ ತುದಿಯಿಂದ ಆ ತುದಿಗೆ ಬಿಳಿ. ನಡುನಡುವೆ ನಾನು ಹೊಡೆದ ಅಕ್ಷರ, ಅದೂ ತಪ್ಪು. ಕೈ ಎತ್ತಿ "ಸಾ, ಕೀಬೋರ್ಡು ಕೆಟ್ಟೈತೆ" ಅಂದೆ. ತಮ್ಮಯ್ಯ ಬಂದು ಬಗ್ಗಿ ನೋಡಿದರು. "ಎಲ್ರೂ ಅದ್ರಲ್ಲೇ ಒಡೀತಾವ್ರಲ್ಲವ್ವಾ, ನಿಂಗೊಬ್ಳಿಗೇ ಎಂಗೆ ಕೆಡ್ತದೆ?" ಅಂದರು. ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ, ನಿಜವಾಗಿಯೇ ಕೇಳಿದರು. ಅನುಶ್ರೀ ಒಮ್ಮೆ ತಿರುಗಿ ನೋಡಿ ತನ್ನ ಕೆಲಸಕ್ಕೆ ಬಗ್ಗಿದಳು. ಚೆನ್ನಾಗಿ ಹೊಡೆಯುತ್ತಿದ್ದಳು.

ಒಂದೊಂದೇ ಕೀ ಒತ್ತಿ ಹುಡುಕಿದೆ. ಎಂಟನೇ ನಿಮಿಷಕ್ಕೆ ಮೂಲೆಯಲ್ಲಿ ಸಿಕ್ಕಿತು. ಹೆಬ್ಬೆರಳು ಆ ಮೂಲೆಗೆ ತಿರುಗುವುದಿಲ್ಲ. ಬೆರಳಿಲ್ಲದ ಅಂಗೈಯಿಂದ ಅದುಮಿದರೆ ಪಕ್ಕದ ಎರಡೂ ಸೇರಿ ಒತ್ತುತ್ತವೆ. ಮೊಣಕೈ ಇಟ್ಟು ನೋಡಿದೆ. ಆಗ ಯಾರೋ ಹಿಂದಿನಿಂದ ನಕ್ಕರು. ಮೊಣಕೈ ತೆಗೆದು ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೆ. ಉಳಿದ ಎರಡು ನಿಮಿಷ ಸುಮ್ಮನೆ ಕೂತಿದ್ದೆ.

ಒಂಬತ್ತು ಪದ ಸರಿ ಇದ್ದವಂತೆ.

ಸಭೆಗೆ ನಾನು ಬರಲಿಲ್ಲ, ನಿಜ. ಆ ಭಾನುವಾರ ಅರಕಲಗೂಡಿನ ಕೋಣೆಯ ಕಡತ ಕಟ್ಟಿ ಲಾರಿಗೆ ತುಂಬಿಸಲು ನಿಲ್ಲಿಸಿಕೊಂಡರು, ಹಂಸನ ಕೈಲಿ ಹೇಳಿ ಕಳಿಸಿದ್ದೆ. ಆಮೇಲೆ ಪರೀಕ್ಷೆಯವರೆಗೂ ಕೀಬೋರ್ಡು ಮುಟ್ಟಿರಲಿಲ್ಲ. ನಾನಿಲ್ಲ ಎಂದು ನಿಮಗೆ ಗೊತ್ತಿತ್ತು. ಆದರೂ ಸರ್ವಾನುಮತ ಎಂದು ಬರೆದಿರಿ.

ಧನಲಕ್ಷ್ಮಿ


ಹಾಸನ
೭ ಅಕ್ಟೋಬರ್ ೨೦೨೫

ಧನಲಕ್ಷ್ಮಿ,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ಹದಿನೇಳು ದಿನ ಬೇಕಾಯಿತು. ಮಾಡಿದ್ದನ್ನು ಹೇಳುತ್ತೇನೆ.

ಗುತ್ತಿಗೆದಾರನ ಕೋಣೆಯ ಮುಂದೆ ಮೂರು ದಿನ ಕೂತೆವು. "ಕೀಬೋರ್ಡು ನೀವೇ ತಂದಿದ್ದು, ನೀವೇ ತಿದ್ದಿದ್ದು, ನಿಮ್ಮ ಸಂಘದ ಠರಾವೇ ಇದೆ, ಸರ್ವಾನುಮತ ಅಂತ ಬೇರೆ ಬರ್ದಿದೀರಿ. ನಾನೇನ್ ಮಾಡ್ಲಿ ಮೇಡಂ?" ಎಂದ. ಠರಾವಿನ ಪ್ರತಿ ಅವನ ಮೇಜಿನ ಮೇಲಿತ್ತು. ಯಾರು ಕೊಟ್ಟರೋ. ಮೂವತ್ತು ವರ್ಷದಲ್ಲಿ ಎಷ್ಟು ಜನ ಮಾಲೀಕರ ಮುಂದೆ ಕೂಗಿದ್ದೇನೆ ಧನಲಕ್ಷ್ಮಿ, ಒಬ್ಬರ ಮುಂದಿನಿಂದಲೂ ಹಾಗೇ ಎದ್ದು ಬಂದಿರಲಿಲ್ಲ. ಅವತ್ತು ಎದ್ದು ಬಂದೆ. ಕೂಗಲು ಅವನ ತಪ್ಪು ಬೇಕಲ್ಲ, ತಪ್ಪು ನನ್ನ ಅಕ್ಷರದಲ್ಲಿತ್ತು.

ಮರುಪರೀಕ್ಷೆಗೆ ಅರ್ಜಿ ಕೊಟ್ಟೆವು. ತೆಗೆದುಕೊಳ್ಳಲಿಲ್ಲ. ದೂರು ಹಿಡಿದು ಹೋದ ಕಡೆಯೆಲ್ಲ ನೀವು ಗುತ್ತಿಗೆಯ ಕೆಳಗಿನ ಗುತ್ತಿಗೆ, ನಮ್ಮ ಪಟ್ಟಿಯಲ್ಲಿ ಇಲ್ಲ ಅಂದರು. ಕೇದಾರ್ ಹಳೆಯ ಜೋಡಣೆಯನ್ನು ಮತ್ತೆ ತುಂಬಲು ಹೋದ. ಹತ್ತು ನಿಮಿಷದ ಕೆಲಸ. ಒಳಗೆ ಬಿಡಲಿಲ್ಲ. ಮಾರನೇ ದಿನ ಹನ್ನೆರಡೂ ಕೀಬೋರ್ಡು ಕಿತ್ತು ಗೋಣಿಚೀಲಕ್ಕೆ ತುಂಬಿ ಹೊರಗಿಟ್ಟರು. ಹೊಸವು ಬಂದಿವೆ, ಎಲ್ಲ ಒಂದೇ ಕಂಪನಿಯವು. ಅನುಶ್ರೀಯ ಮಣಿಕಟ್ಟು ಮತ್ತೆ ಬಾತಿದೆ.

ಇನ್ನು ಉಳಿದಿರುವುದು ಒಂದೇ. ಜಿಲ್ಲಾಧಿಕಾರಿಗಳ ಕಚೇರಿ ಮುಂದೆ ಧರಣಿ. ಕರಪತ್ರಕ್ಕೆ ನಿನ್ನ ಕೈಯ ಫೋಟೋ ಬೇಕು. ಜನ ನೋಡಬೇಕು. ನೋಡಿದರೆ ರಕ್ತ ಕುದಿಯುತ್ತದೆ.

ಪ್ರೇಮಕುಮಾರಿ


ಅರಕಲಗೂಡು
೧೯ ಅಕ್ಟೋಬರ್ ೨೦೨೫

ಪ್ರೇಮಕ್ಕ,

ಫೋಟೋ ಕೊಡುವುದಿಲ್ಲ.

ಕೇದಾರಣ್ಣ ಬಂದಿದ್ದರು. ಗೋಣಿಚೀಲದಿಂದ ಒಂದು ಕೀಬೋರ್ಡು ತೆಗೆದು ಹಳೆಯ ಹಾಗೆಯೇ ಮಾಡಿ ತಂದಿದ್ದರು. ಕಂಪ್ಯೂಟರಿಲ್ಲದ ಮನೆಯಲ್ಲಿ ಕೀಬೋರ್ಡು ಇಟ್ಟುಕೊಂಡು ಏನು ಮಾಡಲಿ? ಮಗಳು ಅದರ ಮೇಲೆ ಬೆರಳಾಡಿಸಿ "ಅಮ್ಮ, ಇದು ಸದ್ದು ಮಾತ್ರ ಮಾಡ್ತದೆ" ಅಂದಳು. ಕೇದಾರಣ್ಣನಿಗೆ ಟೀ ಕೊಟ್ಟೆ. ಕುಡಿಯದೆ ಹೋದರು.

ಶುಂಠಿ ತೊಳೆಯುವ ಕಣದಲ್ಲಿ ಕೆಲಸ ಸಿಕ್ಕಿದೆ. ಅಲ್ಲಿ ಒಂದು ಕೈಗೆ ಅರ್ಧ ಆಳು ಅನ್ನುತ್ತಾರೆ. ಮೊದಲ ದಿನ ಮೇಸ್ತ್ರಿ ನೋಡಿ, "ಇದ್ಯಾಕವ್ವ ಇಲ್ ಬಂದೆ, ಆಫೀಸ್ನಲ್ಲಿದ್ದೋಳಲ್ವಾ?" ಎಂದ. "ಓಟ್ ಆಕಿ ತಗದ್ರು" ಅಂದೆ. ಅವನಿಗೆ ಅರ್ಥವಾಗಲಿಲ್ಲ.

ನನಗೆ ನಿಮ್ಮ ಮೇಲೆ ಸಿಟ್ಟಿದೆ. ಅನುಶ್ರೀ ಮೇಲೆ ಇಲ್ಲ. ಅವಳಿಗೆ ಆ ಕೀ ತೊಂದರೆ ಕೊಡುತ್ತಿತ್ತು, ಹೇಳಿದಳು. ಹೇಳಲೇಬೇಕು. ಆದರೆ ಆ ಕೀ ಯಾರಿಗಾಗಿ ಇಟ್ಟದ್ದು ಎಂದು ಹನ್ನೆರಡು ಜನ ಕೂತ ಸಭೆಯಲ್ಲಿ ಯಾರೂ ಕೇಳಲಿಲ್ಲವೇ? ಅದನ್ನು ತಿಳಿಸಿ. ಉಳಿದದ್ದು ಬೇಡ. ಹಾಸನಕ್ಕೆ ಇನ್ನು ನಾನು ಬರುವುದಿಲ್ಲ.

ಧನಲಕ್ಷ್ಮಿ


ಹಾಸನ
೩ ನವೆಂಬರ್ ೨೦೨೫

ಧನಲಕ್ಷ್ಮಿ,

ಹಂಸ ಕೇಳಿದ್ದಳು.

ಎಲ್ಲರೂ ಕೈ ಎತ್ತಿದಾಗ ಅವಳು ಎತ್ತಲಿಲ್ಲ. "ಅಕ್ಕ, ಸುಮ್ನೆ ಇಟ್ಟಿರಲ್ಲ ಕೇದಾರಣ್ಣ, ಯಾರಿಗೋ ಬೇಕಿರ್ಬೇಕು. ಧನಲಕ್ಷ್ಮಿ ಬರ್ಲಿ ತಡೀರಿ" ಅಂದಳು. ನಾನು "ಒಬ್ಬೊಬ್ರಿಗೂ ಕಾಯ್ತಾ ಕೂತ್ರೆ ಸಂಘ ನಡೀತದೇನೇ?" ಎಂದು ಬಾಯಿ ಮುಚ್ಚಿಸಿದೆ. ನನ್ನನ್ನು ಸೇರಿಸಿ ಹನ್ನೆರಡು ಜನ ಅಲ್ಲ, ಹದಿಮೂರು ಜನ ಕೂತಿದ್ದೆವು. ಅಧ್ಯಕ್ಷೆ ಕೈ ಎತ್ತುವಂತಿಲ್ಲ, ಉಳಿದ ಹನ್ನೆರಡು ಜನರಲ್ಲಿ ಒಬ್ಬಳು ಕೇಳಿದಳು, ಬರೆಯುವವಳು ನಾನು ಅದನ್ನು ಬರೆಯಲಿಲ್ಲ. ಕೇದಾರ್ ಜೂನಿನಲ್ಲೇ ನಿನಗೆ ಬೇರೆ ಜೋಡಣೆ ಇಡುತ್ತೇನೆ ಎಂದಿದ್ದ. ಬೇಡ ಅಂದವಳೂ ನಾನೇ. ಇದು ನಿನಗೆ ಗೊತ್ತಿರಲಿಲ್ಲ. ಗೊತ್ತಿರಲಿ.

ಧರಣಿ ಆಗಲಿಲ್ಲ. ಏಳು ಜನ ಬಂದಿದ್ದರು, ಮೈಕಿಗೆ ಅನುಮತಿ ಸಿಗಲಿಲ್ಲ, ಮನವಿ ತೆಗೆದುಕೊಳ್ಳುವ ಅಧಿಕಾರಿ ಸಭೆಯಲ್ಲಿದ್ದರು. ನಾಲ್ಕು ಗಂಟೆಗೆ ಬಾವುಟ ಸುತ್ತಿಕೊಂಡು ಬಂದೆವು. ನಿನ್ನನ್ನು ಆ ಕೆಲಸಕ್ಕೆ ವಾಪಸ್ ತರುವ ದಾರಿ ನನಗೆ ಗೊತ್ತಿಲ್ಲ. ಗೊತ್ತಿದೆ ಎಂದು ಇಷ್ಟು ದಿನ ಕೂಗಿದೆ. ಇಲ್ಲ.

ನನ್ನ ಕೈಯಲ್ಲಿ ಆಗುವುದು ಠರಾವಿನ ಪುಸ್ತಕ ಒಂದೇ. ಆಗಸ್ಟ್ ೩೧ರ ಪುಟದಲ್ಲಿ ಸರ್ವಾನುಮತ ಎಂಬುದನ್ನು ಹೊಡೆದುಹಾಕಿ ಅದರ ಪಕ್ಕ ಬರೆದಿದ್ದೇನೆ: ಪರ ಹನ್ನೊಂದು, ವಿರುದ್ಧ ಒಬ್ಬಳು, ಕೇಳದೆ ಬಿಟ್ಟವಳು ಒಬ್ಬಳು. ಕೇಳದೆ ಬಿಟ್ಟವಳ ಹೆಸರನ್ನೂ ಬರೆದಿದ್ದೇನೆ. ಇದರಿಂದ ನಿನಗೆ ಒಂದು ದಿನದ ಕೂಲಿಯೂ ಹುಟ್ಟುವುದಿಲ್ಲ. ಆ ತಿದ್ದುಪಡಿಯನ್ನು ಸಭೆ ಒಪ್ಪಬೇಕು, ನಾನು ರಾಜೀನಾಮೆ ಓದಬೇಕು, ಅಷ್ಟೇ ಕಾರ್ಯಸೂಚಿ.

ಹಾಸನಕ್ಕೆ ಬರುವುದಿಲ್ಲ ಅಂದೆ. ಸರಿ. ನಾವು ಬರುತ್ತೇವೆ. ಶುಂಠಿ ಕಣಕ್ಕೆ ಭಾನುವಾರ ಅರ್ಧ ದಿನ ರಜೆ ಎಂದು ಹಂಸ ವಿಚಾರಿಸಿಕೊಂಡು ಬಂದಿದ್ದಾಳೆ. ನೀನು ಬಾಗಿಲು ತೆಗೆಯದಿದ್ದರೆ ಬೀದಿಯಲ್ಲೇ ಕೂರುತ್ತೇವೆ, ಕೂತು ಎದ್ದು ಹೋಗುತ್ತೇವೆ. ನೀನಿಲ್ಲದೆ ಕೈ ಎತ್ತಿಸುವುದಿಲ್ಲ.

ಅರಕಲಗೂಡು, ನಿನ್ನ ಮನೆಯ ಮುಂದೆ. ನವೆಂಬರ್ ೧೬, ಭಾನುವಾರ, ಮಧ್ಯಾಹ್ನ ಎರಡೂವರೆ ಗಂಟೆ.

ಪ್ರೇಮಕುಮಾರಿ